ಹುಲ್ಲು ಹೊಡೆಯುವ ಮಷೀನ್ ಸ್ಟಾರ್ಟ್ ಆಗುತ್ತಿಲ್ಲ, ಹಗ್ಗ ಎಳೆದು ತೋಳು ಬಿದ್ದುಹೋಯಿತು

ತೀರ್ಥಹಳ್ಳಿ ತೋಟ:
ನಮ್ಮದು ಹೆಗಲಿಗೆ ಹಾಕಿಕೊಳ್ಳುವ 35 ಸಿಸಿ ಪೆಟ್ರೋಲ್ ಮಷೀನ್, 4 ಸ್ಟ್ರೋಕ್. ಮೇ ಕೊನೆಯಲ್ಲಿ ಒಂದು ಸಲ ಹುಲ್ಲು ಹೊಡೆದು ಅಡಕೆ ಸುಲಿಯುವ ಶೆಡ್ಡಿನಲ್ಲಿ ನೇತುಹಾಕಿದ್ದೆ. ಮಳೆಗಾಲ ಪೂರ್ತಿ ಅದರ ಕಡೆ ತಿರುಗಿಯೂ ನೋಡಿಲ್ಲ. ಈಗ ತೋಟದಲ್ಲಿ ಹುಲ್ಲು ಸೊಂಟದ ತನಕ ಬಂದಿದೆ. ಇನ್ನು 15 ದಿನಕ್ಕೆ ಅಡಕೆ ಕೊನೆ ತೆಗೆಯುವವರು ಬರುತ್ತಾರೆ. ಅಷ್ಟರೊಳಗೆ ಹುಲ್ಲು ಹೊಡೆಯದಿದ್ದರೆ ಉದುರಿದ ಅಡಕೆ ಹೆಕ್ಕುವುದು ಹೇಗೆ? ಇಂಬಳದ (ಜಿಗಣೆ) ಕಾಟ ಬೇರೆ.

ಹಳೇ ಪೆಟ್ರೋಲ್ ತೆಗೆದು ಹೊಸದು ಹಾಕಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿದೆ. ಚೋಕ್ ಹಾಕಿ, ಚೋಕ್ ತೆಗೆದು, 40 ಸಲ ಎಳೆದಿರಬಹುದು. ಒಂದು ಸಲ ಕೆಮ್ಮಲೂ ಇಲ್ಲ. ಪೇಟೆಗೆ ಒಯ್ದರೆ ವಾರ ಬಿಟ್ಟು ಬನ್ನಿ ಅನ್ನುತ್ತಾರೆ. ಎಲ್ಲರ ಮಷೀನೂ ಈಗಲೇ ಕೆಡುವುದು, ಅಲ್ವಾ?

ಕೊಪ್ಪದ ಕಡೆಯವ:
2ಟಿ ಆಯಿಲ್ ಸರಿಯಾಗಿ ಬೆರೆಸಿದ್ದೀರಾ? ನಾವು ಲೀಟರಿಗೆ 40 ಮಿಲಿ ಹಾಕುತ್ತೇವೆ.

ಸಾಗರ ರಿಪೇರಿ:
ಅವರದ್ದು 4 ಸ್ಟ್ರೋಕ್ ಮಾರಾಯ್ರೆ, ಪೆಟ್ರೋಲಿಗೆ ಏನೂ ಬೆರೆಸಬಾರದು. ಅದರ ಆಯಿಲ್ ಎಂಜಿನ್ ಕೆಳಗೆ ಬೇರೆಯೇ ಇರುತ್ತದೆ, ಹಿಡಿಯುವುದೇ 100 ಮಿಲಿ ಆಸುಪಾಸು. 40 ಮಿಲಿ ಲೆಕ್ಕ 2 ಸ್ಟ್ರೋಕಿನದ್ದು, ಅದರಲ್ಲೂ 25 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್ ಅಂದವಕ್ಕೆ. 50ಕ್ಕೆ 1 ಅಂದರೆ 20 ಮಿಲಿ ಸಾಕು.

ತೀರ್ಥಹಳ್ಳಿಯವರೇ, ಸುಮ್ನೆ ಎಳೆಯುವುದನ್ನು ಮೊದಲು ನಿಲ್ಲಿಸಿ. ಅಷ್ಟು ಎಳೆದ ಮೇಲೆ ಪ್ಲಗ್ ಬಿಚ್ಚಿ ನೋಡಿ, ಒದ್ದೆಯೋ ಒಣಗಿದೆಯೋ? ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ತಕರಾರು ಕಿಡಿಯದ್ದು ಅಥವಾ ಚೋಕ್ ಜಾಸ್ತಿ ಆಗಿ ಪ್ಲಗ್ ಪೆಟ್ರೋಲಲ್ಲಿ ಮುಳುಗಿದೆ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಕಿಡಿ ನೋಡಲು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಲೋಹದ ಭಾಗ ಎಂಜಿನ್ ಮೈಗೆ ತಾಗಿಸಿ ಎಳೆಯಿರಿ. ಪ್ಲಗ್ ತೂತಿನ ಬಾಯಲ್ಲೇ ಹಿಡಿಯಬೇಡಿ, ಒಳಗಿನ ಆವಿ ಭಗ್ ಅನ್ನುತ್ತದೆ. ಕಿಡಿ ಇಲ್ಲದಿದ್ದರೆ ಮೊದಲು ಸ್ವಿಚ್ಚಿನ ವೈರ್ ನೋಡಿ. ಅಡಕೆ ಶೆಡ್ಡು ಅಂದಿರಿ, ಇಲಿ ಕಡಿದಿದ್ದರೂ ಕಡಿದಿರಬಹುದು.

ತೀರ್ಥಹಳ್ಳಿ ತೋಟ:
ವೈರ್ ಸರಿ ಇದೆ. ಕಿಡಿ ಚಟಚಟ ಅಂತ ನೀಲಿಯಾಗಿ ಬರುತ್ತಿದೆ. ಪ್ಲಗ್ ಮಾತ್ರ ಬೆಂಕಿಪೊಟ್ಟಣದ ಹಾಗೆ ಒಣಗಿದೆ. ಪ್ಲಗ್ ತೂತಿಗೆ ನಾಲ್ಕು ಹನಿ ಪೆಟ್ರೋಲ್ ಬಿಟ್ಟು, ಪ್ಲಗ್ ಹಾಕಿ ಎಳೆದೆ. ಎರಡು ಸೆಕೆಂಡ್ ಓಡಿ ನಿಂತಿತು!

ಸಾಗರ ರಿಪೇರಿ:
ಹಾಗಾದರೆ ಎಂಜಿನ್ ಜೀವಂತ ಇದೆ. ಈಗ ಕಾರ್ಬೊರೇಟರ್ ಅಡಿಯ ರಬ್ಬರ್ ಗುಳ್ಳೆ ಒತ್ತಿ. ಒತ್ತಿದ್ದು ಹಾಗೇ ಚಪ್ಪಟೆ ನಿಂತರೆ ಟ್ಯಾಂಕಿನಿಂದ ಬರುವ ದಾರಿ ಕಟ್ಟಿದೆ. ಬರೀ ಗಾಳಿ ಗುಳ್ಳೆ ಬಂದರೆ ಪೈಪ್ ಎಲ್ಲೋ ಸೀಳಿದೆ.

ತೀರ್ಥಹಳ್ಳಿ ತೋಟ:
ಚಪ್ಪಟೆ ನಿಲ್ಲುತ್ತದೆ. ತಂತಿ ಕೊಕ್ಕೆ ಮಾಡಿ ಟ್ಯಾಂಕಿನೊಳಗಿನ ಫಿಲ್ಟರ್ ಎಳೆದೆ. ಜೋನಿಬೆಲ್ಲ ಮೆತ್ತಿದ ಹಾಗಿತ್ತು! ಹೊಸ ಫಿಲ್ಟರ್ 60 ರೂಪಾಯಿಗೆ ಸಿಕ್ಕಿತು. ಈಗ ಗುಳ್ಳೆಗೆ ಪೆಟ್ರೋಲ್ ಬರುತ್ತದೆ. ಆದರೆ ಚೋಕ್‌ನಲ್ಲಿ ಮಾತ್ರ ಓಡುತ್ತದೆ, ಚೋಕ್ ತೆಗೆದರೆ ಸಾಯುತ್ತದೆ.

ಸಾಗರ ರಿಪೇರಿ:
ಕಾರ್ಬೊರೇಟರ್ ಬಿಚ್ಚಲೇಬೇಕು. ಒಳಗೆ ರೂಪಾಯಿ ನಾಣ್ಯದಷ್ಟು ಅಗಲದ ತೆಳು ರಬ್ಬರ್ ಪರದೆ ಇದೆ, ಡಯಾಫ್ರಾಮ್ ಅಂತ. ಅದು ಮೇಲೆ ಕೆಳಗೆ ಆಡಿದರೆ ಮಾತ್ರ ಪೆಟ್ರೋಲ್ ಬೇಕಾದಷ್ಟು ಬಿಡುವುದು. ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿರಬೇಕು. ಬಿಚ್ಚುವ ಮುಂಚೆ ಮೊಬೈಲಲ್ಲಿ ಒಂದೊಂದು ಹಂತಕ್ಕೂ ಫೋಟೋ ಹೊಡೆದುಕೊಳ್ಳಿ. ಪ್ಯಾಕಿಂಗು ಯಾವುದು ಮೇಲೆ, ಯಾವುದು ಕೆಳಗೆ ಅಂತ ನಾನೇ ಎಷ್ಟೋ ಸಲ ತಪ್ಪಿದ್ದೇನೆ. ತೂತುಗಳಿಗೆ ಸೂಜಿ ಹಾಕಬೇಡಿ, ಕ್ಲೀನರ್ ಸ್ಪ್ರೇ ಸಾಕು.

ಕೊಪ್ಪದ ಕಡೆಯವ:
ಅಲ್ಲ, ನಾಲ್ಕೇ ತಿಂಗಳಿಗೆ ಹೀಗಾಗುತ್ತದಾ? ಮೊದಲೆಲ್ಲ ವರ್ಷ ಇಟ್ಟರೂ ಒಂದೇ ಎಳೆತಕ್ಕೆ ಹೊರಡುತ್ತಿತ್ತು.

ಸಾಗರ ರಿಪೇರಿ:
ಈಗಿನ ಪೆಟ್ರೋಲಲ್ಲಿ ಶೇ. 20 ಎಥೆನಾಲ್. ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಟ್ಯಾಂಕ್ ಬಿಡುತ್ತದಾ? ನೀರು ಜಾಸ್ತಿಯಾದರೆ ಎಥೆನಾಲೂ ನೀರೂ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಫಿಲ್ಟರ್ ಇರುವುದೂ ತಳದಲ್ಲೇ. ಹಳೇ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಾಕಿ ಒಂದು ಗಂಟೆ ಬಿಟ್ಟು ನೋಡಿ, ಎರಡು ಪದರ ಕಂಡರೆ ಇದೇ ಕಥೆ. ಎಥೆನಾಲ್ ಒಂದನ್ನೇ ಬೈಯುವುದೂ ತಪ್ಪು. ನಿಂತ ಪೆಟ್ರೋಲ್ ಮೊದಲೂ ಅಂಟಾಗುತ್ತಿತ್ತು, ಈಗ ತೇವದ ಕಾಟವೂ ಸೇರಿದೆ.

ತೀರ್ಥಹಳ್ಳಿ ತೋಟ:
ಬಾಟಲಿ ನೋಡಿದೆ. ತಳದಲ್ಲಿ ಬೆರಳಗಲ ಬೇರೆ ಪದರ. ಡಯಾಫ್ರಾಮ್ ಅಂತೂ ಹಪ್ಪಳ! ಒತ್ತಿದರೆ ಟಕ್ ಅನ್ನುತ್ತದೆ. ಕಾರ್ಬೊರೇಟರ್ ಕಿಟ್ ತಂದು ಹಾಕಿದೆ. ಫೋಟೋ ಹೊಡೆದಿದ್ದಕ್ಕೆ ಬಚಾವಾದೆ, ಒಂದು ಪ್ಯಾಕಿಂಗ್ ತಿರುವುಮುರುವು ಹಾಕಿದ್ದೆ. ಮೂರನೇ ಎಳೆತಕ್ಕೆ ಹೊರಟಿತು, ಚೋಕ್ ತೆಗೆದರೂ ಓಡಿತು.

ಆದರೆ ತೋಟಕ್ಕೆ ಇಳಿದು 10 ನಿಮಿಷಕ್ಕೆ ಮತ್ತೆ ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್ ಆಗುತ್ತದೆ, ಮತ್ತೆ ನಿಲ್ಲುತ್ತದೆ. ಇದೇನು ಹೊಸ ಗ್ರಹಚಾರ?

ಸಾಗರ ರಿಪೇರಿ:
ನಿಂತ ಕೂಡಲೇ ಪೆಟ್ರೋಲ್ ಮುಚ್ಚಳ ನಿಧಾನ ಸಡಿಲಿಸಿ. ಎಂಜಿನ್ ಬಿಸಿ ಇರುತ್ತದೆ, ಚೆಲ್ಲದ ಹಾಗೆ ನೋಡಿಕೊಳ್ಳಿ. ಸುಯ್ ಅಂತ ಗಾಳಿ ಒಳಗೆ ಎಳೆಯಿತಾ?

ತೀರ್ಥಹಳ್ಳಿ ತೋಟ:
ಎಳೆಯಿತು! ಟ್ಯಾಂಕಿಗೆ ಗಾಳಿ ಹೋಗುವ ಮುಚ್ಚಳದ ಸಣ್ಣ ತೂತಿನಲ್ಲಿ ಜಂಬಿಟ್ಟಿಗೆ ಮಣ್ಣು ಗಟ್ಟಿಯಾಗಿ ಕೂತಿತ್ತು. ಮುಚ್ಚಳ ತೊಳೆದು, ಊದಿ, ಒಣಗಿಸಿ ಹಾಕಿದೆ. ಬೆಳಿಗ್ಗೆಯಿಂದ ಒಂದು ಟ್ಯಾಂಕ್ ಪೂರ್ತಿ ನಿಲ್ಲದೆ ಓಡಿದೆ. ಮೇಲಿನ ತೋಟ ಮುಗಿಯಿತು, ಹಳ್ಳದ ಬದಿಯದ್ದು ನಾಳೆ. ಕೊಯ್ಲು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿಯೇ ಇಡುತ್ತೇನೆ. ಉಳಿದ ಅರ್ಧ ಲೀಟರ್ ಪೆಟ್ರೋಲ್ ಬೈಕಿಗೆ ಸುರಿದರೆ ಆಯಿತಲ್ಲ?

ಸಾಗರ ರಿಪೇರಿ:
ಹೊಸದಾದರೆ ಸುರಿಯಿರಿ. ಬಾಟಲಿಯಲ್ಲಿ ಪದರ ಕಟ್ಟಿದ್ದನ್ನು ಮಾತ್ರ ಬೇಡ. ಇಲ್ಲದಿದ್ದರೆ ಮುಂದಿನ ವಾರ ಬೈಕಿನ ಬಗ್ಗೆ ಕೇಳಿಕೊಂಡು ಬರುತ್ತೀರಿ.