ಹಳೇ ಜೀಪ್ ಇಳಿಜಾರಿನಲ್ಲಿ ನೀಲಿ ಹೊಗೆ ಬಿಡುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1962ರ ಜೀಪ್ ಇದೆ. ನಾಲ್ಕು ಸಿಲಿಂಡರ್‌ನ 2.2 ಲೀಟರ್ ಹರಿಕೇನ್ ಎಫ್-ಹೆಡ್ ಪೆಟ್ರೋಲ್ ಎಂಜಿನ್. ಅಪ್ಪ ಓಡಿಸಿದ ಗಾಡಿ. ಸುಮ್ನೆ ಅಂದಾಜಿನ ಮೇಲೆ ಬಿಚ್ಚಲು ಮನಸ್ಸಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದಿಷ್ಟು ನೀಲಿ ಹೊಗೆ ಬಂದು ನಿಲ್ಲುತ್ತದೆ. ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ. ಆದರೆ ಆಕ್ಸಿಲರೇಟರ್ ಬಿಟ್ಟು, ಗೇರಿನಲ್ಲೇ ಉದ್ದದ ಇಳಿಜಾರು ಇಳಿದು, ಕೆಳಗೆ ಮತ್ತೆ ಒತ್ತಿದರೆ ಕನ್ನಡಿಯಲ್ಲಿ ರಸ್ತೆಯೇ ಕಾಣದಷ್ಟು ಹೊಗೆ. ಸುಟ್ಟ ಆಯಿಲ್ ವಾಸನೆ. ಬಿಳಿ ಹೊಗೆ ಇಲ್ಲ, ರೇಡಿಯೇಟರ್ ನೀರೂ ಇಳಿದಿಲ್ಲ.

ನಾಲ್ಕು ಸಿಲಿಂಡರ್‌ಗಳ ಕಂಪ್ರೆಷನ್ (ಒಳಗಿನ ಒತ್ತಡ) 115, 112, 110, 114 ಪಿಎಸ್‌ಐ. ಪ್ಲಗ್ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು ನೋಡಿದರೂ ಹೆಚ್ಚೇನೂ ಏರಲಿಲ್ಲ. ಹಾಗಾದರೆ ಪಿಸ್ಟನ್ ರಿಂಗ್ ಪರವಾಗಿಲ್ಲ ಅಲ್ವಾ? ನಾಲ್ಕೂ ಪ್ಲಗ್‌ಗಳ ಮೇಲೆ ಒಂದೇ ತರದ ಕಪ್ಪು ಜಿಡ್ಡು ಕೂತಿದೆ. ಉಗುರಿನಲ್ಲಿ ಕೆರೆದರೆ ಮೆತ್ತಗೆ ಬರುತ್ತದೆ. ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಮತ್ತೆ ಸಿಲಿಂಡರ್‌ಗೆ ಕಳಿಸುವ ವಾಲ್ವ್) ತೊಳೆದು ಹಾಕಿದೆ, ವ್ಯತ್ಯಾಸ ಆಗಲಿಲ್ಲ.

ಈ ಎಂಜಿನ್‌ನಲ್ಲಿ ಇನ್‌ಟೇಕ್ ವಾಲ್ವ್ ಮೇಲೆ ಹೆಡ್‌ನಲ್ಲಿದೆ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕ್‌ನಲ್ಲಿ. ಆಕ್ಸಿಲರೇಟರ್ ಬಿಟ್ಟಾಗ ವ್ಯಾಕ್ಯೂಮ್ ಜಾಸ್ತಿಯಾಗಿ, ಸವೆದ ಇನ್‌ಟೇಕ್ ಗೈಡ್‌ನಿಂದ (ವಾಲ್ವ್ ಕಡ್ಡಿ ಜಾರುವ ಕೊಳವೆ) ಆಯಿಲ್ ಒಳಗೆ ಹೋಗುತ್ತಿರಬಹುದು. ಇನ್ನೊಂದು ಅನುಮಾನ ಫ್ಯುಯೆಲ್ ಪಂಪ್ ಮೇಲೆ. ಅದರಲ್ಲೇ ಇರುವ, ವೈಪರ್‌ಗೆ ವ್ಯಾಕ್ಯೂಮ್ ಕೊಡುವ ಡಯಾಫ್ರಮ್ (ತೆಳು ಪರದೆ) ಹರಿದರೂ ಎಂಜಿನ್ ಆಯಿಲ್ ನೇರ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ-ಪೆಟ್ರೋಲ್ ಒಯ್ಯುವ ಕೊಳವೆ) ಸೇರುತ್ತದೆ. ಈಚೆಗೆ ಏರು ಹತ್ತುವಾಗ ವೈಪರ್ ನಿಂತೇಬಿಡುತ್ತದೆ, ಅದಕ್ಕೇ ಕೇಳುತ್ತಿದ್ದೇನೆ.

ಪಂಪ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗುವ ಪೈಪ್ ಕಳಚಿ, ಮ್ಯಾನಿಫೋಲ್ಡ್ ಕಡೆಯ ತೂತು ಮುಚ್ಚಿ ಓಡಿಸಿದರೆ ಗೊತ್ತಾಗುತ್ತದಾ? ಹೆಡ್ ಇಳಿಸದೆ ಗೈಡ್ ಸವೆತ ನೋಡಲು ದಾರಿ ಇದೆಯಾ? ಇದೇ ಎಂಜಿನ್ ಬಿಚ್ಚಿದವರು ದಯವಿಟ್ಟು ತಿಳಿಸಿ.