30 ವರ್ಷ ಹಳೆಯ ಕೊಲೆ ಕೇಸು: ಮುಂಬೈ ಪೊಲೀಸರು ಎಲ್ಲಿಂದ ಶುರು ಮಾಡುತ್ತಾರೆ?

ಡೊಂಬಿವಲಿ ಓದುಗ: ಆರೋಪಿ ಸಿಗದೆ ‘ಎ ಸಮರಿ’ ಆಗಿ ಮುಚ್ಚಿದ ಕೇಸನ್ನು ಮತ್ತೆ ತೆರೆಯಬಹುದೇ? ರಕ್ತದ ಕಲೆಯ ಅಂಗಿಯಿಂದ ಈಗ ಡಿಎನ್‌ಎ ಸಿಗುತ್ತದೆಯೇ?

ಮಾಟುಂಗಾ ವಕೀಲ: ಖಂಡಿತ ತೆರೆಯಬಹುದು. ‘ಎ’ ಅಂದರೆ ಅಪರಾಧ ನಡೆದದ್ದು ನಿಜ, ಪತ್ತೆಯಾಗಿಲ್ಲ ಎಂದಷ್ಟೇ. ಕೊಲೆಗೆ ಕಾಲಮಿತಿಯೂ ಇಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 173(8), ಅದರ ಜಾಗಕ್ಕೆ ಬಂದಿರುವ ಈಗಿನ ಬಿಎನ್‌ಎಸ್‌ಎಸ್‌ನ 193(9) ಹೆಚ್ಚಿನ ತನಿಖೆಗೆ ದಾರಿ ಕೊಡುತ್ತವೆ. ಹಳೆಯದನ್ನು ಅಳಿಸಿ ಹೊಸದಾಗಿ ತನಿಖೆ ಮಾಡುವುದು ಬೇರೆ ಮಾತು. ಅದಕ್ಕೆ ಉನ್ನತ ನ್ಯಾಯಾಲಯದ ಆದೇಶವೇ ಬೇಕು. ಮೊದಲು ಹುಡುಕಬೇಕಾದ್ದು ಆರೋಪಿಯನ್ನಲ್ಲ, ಮುದ್ದೆಮಾಲು (ವಶಪಡಿಸಿಕೊಂಡ ವಸ್ತುಗಳ) ರಿಜಿಸ್ಟರನ್ನು. ಅಂಗಿ ಠಾಣೆಯಲ್ಲಿದೆಯೋ, ಕೋರ್ಟಿನಲ್ಲೋ, ಕಲೀನಾದ ವಿಧಿವಿಜ್ಞಾನ ಲ್ಯಾಬಿನಿಂದ ವಾಪಸ್ ಬಂದಿದೆಯೋ? ಕೋರ್ಟಿನ ವಿಲೇವಾರಿ ಆದೇಶದಂತೆ ಅದು ನಾಶವಾಗಿದ್ದರೆ ಅಂಗಿಯ ಆಸೆ ಅಲ್ಲಿಗೇ ಮುಗಿಯಿತು.

ಲ್ಯಾಬ್ ಮಿತ್ರ: ಅಂಗಿಗಿಂತ ಮೊದಲು ಪೊಟ್ಟಣ ನೋಡಿ. ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಿದ್ದರೆ ದಶಕಗಳ ನಂತರವೂ ಫಲಿತಾಂಶ ಬಂದೀತು. ಒದ್ದೆಯಾಗಿಯೇ ಪ್ಲಾಸ್ಟಿಕ್ಕಿಗೆ ಹಾಕಿದ್ದರೆ ಮುಂಬೈ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಡಿಎನ್‌ಎ ಚೂರುಚೂರಾಗುತ್ತದೆ. ಆಗ ಡಿಎನ್‌ಎಯ ಚಿಕ್ಕ ತುಣುಕುಗಳನ್ನೂ ಓದುವ ಮಿನಿ ಎಸ್‌ಟಿಆರ್ ಪರೀಕ್ಷೆ ಪ್ರಯತ್ನಿಸಬೇಕು. ಮೂಳೆ ಮಾತ್ರ ಇದ್ದರೆ ತೊಡೆಮೂಳೆ, ದವಡೆ ಹಲ್ಲು ಒಳ್ಳೆಯವು. ಮೈಟೊಕಾಂಡ್ರಿಯಲ್ ಡಿಎನ್‌ಎ ತಾಯಿಯ ಕಡೆಯ ನಂಟು ತೋರಿಸುತ್ತದೆ, ಒಬ್ಬನೇ ವ್ಯಕ್ತಿಯತ್ತ ಬೆರಳು ಮಾಡುವುದಿಲ್ಲ. ಕಲೆಯನ್ನೆಲ್ಲ ಕತ್ತರಿಸಿ ಮುಗಿಸಬೇಡಿ. ಆರೋಪಿ ಪರದವರ ಮರುಪರೀಕ್ಷೆಗೆ ಸ್ವಲ್ಪ ಉಳಿಯಲೇಬೇಕು. ಆ ಕಾಲದಲ್ಲಿ ಅಂಗಿಯನ್ನು ಬರಿಗೈಯಲ್ಲಿ ಮುಟ್ಟಿದವರ ಡಿಎನ್‌ಎ ಮಾದರಿಯನ್ನೂ ಹೋಲಿಸಿ.

ಮಾಟುಂಗಾ ವಕೀಲ: ಅರಗಿನ ಮುದ್ರೆ ಒಡೆದಿದ್ದರೆ ಈಗ ಮತ್ತೆ ಅರಗು ಹಾಕಿ ಮುಚ್ಚಬಾರದು, ಅದು ಕೇಸನ್ನೇ ಕೊಲ್ಲುತ್ತದೆ. ಇದ್ದಂತೆಯೇ ಫೋಟೊ ತೆಗೆದು ಪಂಚನಾಮೆ ಬರೆಯಿರಿ. ಜೊತೆಗೇ ವಯಸ್ಸಾದ ಸಾಕ್ಷಿಗಳ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ಬೇಗ ದಾಖಲಿಸಿ. ಅಂಗಿ ಇನ್ನೊಂದು ತಿಂಗಳು ಕಾಯುತ್ತದೆ, ಅವರು ಕಾಯಲಾರರು.