ಸಹಾಯ ಬೇಕು: ಕೋತಿಗಳಿಗೆ ಎಂಥ ಆಟಿಕೆ ಕಳಿಸಬಹುದು?

ಎಲ್ಲರಿಗೂ ನಮಸ್ಕಾರ. ಕೋತಿಗಳ ಆಶ್ರಯಧಾಮವೊಂದಕ್ಕೆ ಸಾಮಾನು ಕಳಿಸಬೇಕು ಅಂತಿದ್ದೇನೆ. ಕಂಬಳಿ, ಟವೆಲ್ ಸಿಕ್ಕಿವೆ. ಆಟಿಕೆಗಳದ್ದೇ ಗೊಂದಲ. ಗುಂಡಿ ಕಣ್ಣಿನ ಗೊಂಬೆ ಬೇಡ, ಕಿತ್ತು ನುಂಗಿಬಿಡುತ್ತವೆ. ಬಿಡಿ ದಾರವೂ ಬೇಡ, ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ನಾಯಿಗಳಿಗೆ ಮಾಡಿದ ಗಟ್ಟಿ ರಬ್ಬರ್ ಆಟಿಕೆ ವಾಸಿ. ಒಳಗೆ ತಿಂಡಿ ತುಂಬಿಟ್ಟರೆ ಅದನ್ನು ತೆಗೆಯುವುದೇ ಅವಕ್ಕೆ ಕೆಲಸ. ಮಾಡಲು ಏನೂ ಇಲ್ಲದಿದ್ದರೆ ಕೆಲವು ತಮ್ಮ ಕೂದಲನ್ನೇ ಕಿತ್ತುಕೊಳ್ಳುತ್ತವೆ, ಪಾಪ.

ಅಗ್ನಿಶಾಮಕದವರು ಬಳಸಿ ಬಿಟ್ಟ ಹೋಸ್ ಪೈಪ್ ಯಾರಿಗಾದರೂ ಸಿಗುತ್ತದಾ? ಹೆಣೆದರೆ ಒಳ್ಳೆ ಜೋಲಿ ಆಗುತ್ತದೆ, ಬೇಗ ಹರಿಯುವುದೂ ಇಲ್ಲ.

ಮಕ್ಕಳ ಆಟಿಕೆ ಕೊಡುವವರು ಚೆನ್ನಾಗಿ ತೊಳೆದು ಕೊಡಿ. ನಮಗೆ ತುಟಿ ಮೇಲೆ ಗುಳ್ಳೆ ತರುವ ವೈರಸ್ ಮಾರ್ಮೊಸೆಟ್‌ನಂಥ ಪುಟ್ಟ ಕೋತಿಯ ಜೀವವನ್ನೇ ತೆಗೆಯಬಲ್ಲದು.

ಇಂಥ ಕಡೆ ಕೆಲಸ ಮಾಡಿದವರು ಇದ್ದರೆ ಹೇಳಿ, ಬಣ್ಣ ಬಳಿದ ಮರದ ಆಟಿಕೆ ನಡೆಯುತ್ತಾ?